ಜಾಮೀನು ಸಿಕ್ಕಿತು, ಶ್ಯೂರಿಟಿ ಎಲ್ಲಿ?

'50 ಸಾವಿರ ರೂಪಾಯಿ ಮೌಲ್ಯದ ವೈಯಕ್ತಿಕ ಬಾಂಡ್ ಹಾಗೂ ಅಷ್ಟೇ ಮೊತ್ತಕ್ಕೆ ಇಬ್ಬರ ಶ್ಯೂರಿಟಿ ನೀಡುವ ಷರತ್ತಿನ ಮೇಲೆ ನ್ಯಾಯಾಲಯ ಜಾಮೀನು ಮಂಜೂರು ಮಾಡಿತು.' ಅಪರಾಧ ಸುದ್ದಿಯ ಕೊನೆಯಲ್ಲಿ ಬರುವ ಇಂಥ ಸಾಲು ಓದಿದವರು ಆರೋಪಿ ಅಂದು ಸಂಜೆಯೇ ಮನೆ ಸೇರಿದ ಎಂದುಕೊಂಡು ಪುಟ ತಿರುಗಿಸುತ್ತಾರೆ. ಒಳಗಿರುವವನ ಮನೆಯವರಿಗೆ ಓಡಾಟ ಶುರುವಾಗುವುದೇ ಆ ಸಾಲಿನಿಂದ. ಜಾಮೀನು ಸಿಗುವುದು ಬೇರೆ, ಹೊರಗೆ ಬರುವುದು ಬೇರೆ. ಎರಡರ ನಡುವೆ ಬಾಂಡ್ ಎಂಬ ಒಂದು ಕಾಗದವಿದೆ, ಅದಕ್ಕೆ ಸಹಿ ಹಾಕಲು ಮುಂದೆ ಬರಬೇಕಾದ ಒಬ್ಬ ಮನುಷ್ಯನಿದ್ದಾನೆ. ಆ ಮನುಷ್ಯ ಸಿಕ್ಕವರು ಒಂದೆರಡು ದಿನದಲ್ಲಿ ಹೊರಬರುತ್ತಾರೆ. ಸಿಗದವರು ಜಾಮೀನು ಆದೇಶ ಆದ ಮೇಲೂ ತಿಂಗಳುಗಟ್ಟಲೆ ಜೈಲಿನಲ್ಲೇ ಕೊಳೆಯುತ್ತಾರೆ.

ಕಾನೂನು ಇವರಿಗೆ ದಾರಿ ತೋರಿಸಿಲ್ಲವೇ? ತೋರಿಸಿದೆ, ಒಂದಲ್ಲ, ಹಲವು. ಅವು ಬಹುಪಾಲು ಜನರಿಗೆ ಗೊತ್ತಿಲ್ಲ. ಗೊತ್ತಿರುವ ವಕೀಲರೂ ಎಷ್ಟೋ ಸಲ ಕೇಳುವುದಿಲ್ಲ. ಇಂದಿನ ಬರಹ ಅದರ ಬಗ್ಗೆ.

ಮೊದಲು ಬಾಂಡ್ ಎಂದರೇನು ಎಂಬುದನ್ನು ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ ಕಾನೂನಿನಲ್ಲಿ ಜಾಮೀನು ಎಂಬುದಕ್ಕೆ ವ್ಯಾಖ್ಯೆಯೇ ಇರಲಿಲ್ಲ. ಹೊಸದರಲ್ಲಿ ಅದು 2ನೇ ಸೆಕ್ಷನ್‌ನಲ್ಲೇ ಸಿಗುತ್ತದೆ. ಆರೋಪಿ ತಾನೊಬ್ಬನೇ ಬರೆದುಕೊಡುವ ಮುಚ್ಚಳಿಕೆ 'ಬಾಂಡ್'. ಅದಕ್ಕೆ ಇನ್ನೊಬ್ಬರ ಹೊಣೆಯೂ ಸೇರಿದರೆ 'ಬೇಲ್ ಬಾಂಡ್'. ಎರಡರಲ್ಲೂ ಇರುವ ಮಾತು ಒಂದೇ: ಕರೆದ ದಿನ ಕೋರ್ಟಿಗೆ ಬರುತ್ತೇನೆ, ಬಾರದೆ ಹೋದರೆ ಇಷ್ಟು ಹಣ ಸರ್ಕಾರಕ್ಕೆ ಕಟ್ಟಲು ಬದ್ಧ.

ಇಲ್ಲಿ ಗಮನಿಸಬೇಕಾದ ಮಾತು 'ಬಾರದೆ ಹೋದರೆ' ಎಂಬುದು. 50 ಸಾವಿರದ ಬಾಂಡ್ ಎಂದರೆ 50 ಸಾವಿರ ಎಣಿಸಿ ಕೊಡಬೇಕು ಎಂದು ಅರ್ಥವಲ್ಲ. ಬಾಂಡ್ ಬರೆದುಕೊಡುವ ದಿನ ಕೋರ್ಟು ಆ ಮೊತ್ತದಲ್ಲಿ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಇದು ತಿಳಿಯದೆ ಬಡ್ಡಿಗೆ ಸಾಲ ತಂದು, ಒಡವೆ ಅಡವಿಟ್ಟು 'ಜಾಮೀನಿನ ದುಡ್ಡು' ಎಂದು ಯಾರದೋ ಕೈಗೆ ಕೊಡುವ ಕುಟುಂಬಗಳಿವೆ. ಆ ಹಣ ಸರ್ಕಾರದ ಖಜಾನೆಗೆ ಹೋಗಿರುವುದಿಲ್ಲ, ಕೋರ್ಟಿನ ಲೆಕ್ಕದಲ್ಲೂ ಇರುವುದಿಲ್ಲ. ಕೋರ್ಟಿಗೆ ಹಣ ಕಟ್ಟಿದರೆ ರಸೀದಿ ಬರುತ್ತದೆ. ರಸೀದಿ ಇಲ್ಲದೆ ಯಾರಾದರೂ ಬಾಂಡ್ ಮೊತ್ತ ಕೇಳಿದರೆ ಕೊಡಬೇಡಿ.

ಇನ್ನು ಆರೋಪದ ಸ್ವರೂಪದ ಮಾತು. ಜಾಮೀನು ನೀಡಬಹುದಾದ ಅಪರಾಧ ಎಂದು ಕಾನೂನು ಗುರುತಿಸಿರುವ ಸಣ್ಣ ಪ್ರಕರಣಗಳಲ್ಲಿ ಜಾಮೀನು ಆರೋಪಿಯ ಹಕ್ಕು. ಅದಕ್ಕೆ ಕೋರ್ಟಿನವರೆಗೂ ಹೋಗಬೇಕಿಲ್ಲ. ಬಾಂಡ್ ಬರೆಸಿಕೊಂಡು ಠಾಣೆಯಲ್ಲೇ ಬಿಡಬೇಕು. ಜನ ಇದನ್ನು ಠಾಣಾ ಜಾಮೀನು, ಸ್ಟೇಷನ್ ಬೇಲ್ ಎನ್ನುತ್ತಾರೆ. ಜಾಮೀನುರಹಿತ ಅಪರಾಧವಾದರೆ ಮ್ಯಾಜಿಸ್ಟ್ರೇಟರೋ ಸೆಷನ್ಸ್ ನ್ಯಾಯಾಧೀಶರೋ ಹೈಕೋರ್ಟೋ ವಿವೇಚನೆ ಬಳಸಿ ತೀರ್ಮಾನಿಸುತ್ತದೆ. ತನಿಖೆ ಮುಗಿದು ದೋಷಾರೋಪ ಪಟ್ಟಿ ಸಲ್ಲಿಕೆಯಾಗದೆ 60 ದಿನ, ಗಂಭೀರ ಅಪರಾಧವಾದರೆ 90 ದಿನ ಕಳೆದರೆ ಜಾಮೀನು ಕೇಳುವ ಹಕ್ಕು ತಾನಾಗಿ ಹುಟ್ಟುತ್ತದೆ. ದಾರಿ ಯಾವುದೇ ಇರಲಿ, ಕೊನೆಗೆ ಬಂದು ನಿಲ್ಲುವುದು ಬಾಂಡ್ ಮತ್ತು ಶ್ಯೂರಿಟಿಯ ಮುಂದೆ. 90 ದಿನ ದಾಟಿ ಹಕ್ಕಿನಿಂದ ಜಾಮೀನು ಪಡೆದವನೂ ಶ್ಯೂರಿಟಿ ಕೊಡುವವರೆಗೆ ಒಳಗೇ ಇರಬೇಕು.

ಶ್ಯೂರಿಟಿ ಕೊಡುವ ಕೆಲಸ ಹೇಗಿರುತ್ತದೆ ಎಂಬುದನ್ನು ತಿಳಿಯಬೇಕಾದರೆ ತಾಲ್ಲೂಕು ಕೇಂದ್ರದ ಯಾವುದಾದರೂ ಕೋರ್ಟಿನ ಆವರಣಕ್ಕೆ ಮಧ್ಯಾಹ್ನದ ಹೊತ್ತು ಹೋಗಬೇಕು. ಟೈಪಿಸ್ಟ್ ಮುಂದಿನ ಬೆಂಚಿನ ಮೇಲೆ ಹಳ್ಳಿಯಿಂದ ಬಂದ ಹಿರಿಯರೊಬ್ಬರು ಕೂತಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಡಕಚೇರಿಯಿಂದ ಬೆಳಗ್ಗೆಯಷ್ಟೇ ತೆಗೆಸಿದ ಪಹಣಿ, ಮ್ಯುಟೇಷನ್ ಪ್ರತಿ, ಕಂದಾಯ ಕಟ್ಟಿದ ರಸೀದಿ, ಆಧಾರ್ ಜೆರಾಕ್ಸ್, ಎರಡು ಫೋಟೊ. ಪಟ್ಟಣದವರಾದರೆ ಪಹಣಿಯ ಬದಲು ಮನೆ ಖಾತಾ, ತೆರಿಗೆ ರಸೀದಿ. ನೌಕರಿಯವರಾದರೆ ಸಂಬಳದ ಚೀಟಿ. ಇ-ಸ್ಟಾಂಪ್ ಕಾಗದದ ಮೇಲೆ ಪ್ರಮಾಣಪತ್ರ ಸಿದ್ಧವಾಗುತ್ತದೆ. ಈ ಹಿಂದೆ ಎಷ್ಟು ಮಂದಿಗೆ ಜಾಮೀನು ನಿಂತಿದ್ದೇನೆ ಎಂಬುದನ್ನೂ ಅದರಲ್ಲಿ ಹೇಳಬೇಕು. ಕಾನೂನು ಅದನ್ನು ಕಡ್ಡಾಯ ಮಾಡಿದೆ. ಆಮೇಲೆ ಕರೆ ಬರುತ್ತದೆ. ಟವೆಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡು ಅವರು ನ್ಯಾಯಾಧೀಶರ ಮುಂದೆ ನಿಲ್ಲುತ್ತಾರೆ.

'ಇವನು ನಿಮಗೆ ಏನಾಗಬೇಕು?'

'ನಮ್ಮೂರ ಹುಡುಗ ಸ್ವಾಮಿ, ದಾಯಾದಿ ಮಗ.'

'ಜಮೀನು ಎಷ್ಟಿದೆ? ಬೆಲೆ ಏನಾಗುತ್ತೆ?'

'ಎರಡೂಕಾಲು ಎಕರೆ ಖುಷ್ಕಿ ಸ್ವಾಮಿ.'

'ಕರೆದಾಗ ಕರ್ಕೊಂಡ್ಬರ್ತೀರಾ? ಬರದಿದ್ರೆ ದುಡ್ಡು ನೀವು ಕಟ್ಟಬೇಕಾಗುತ್ತೆ, ಗೊತ್ತಾ?'

ಇಷ್ಟೇ. ಎರಡು ನಿಮಿಷದ ಮಾತು. ಉತ್ತರ ಸಮಾಧಾನ ತಂದರೆ ನ್ಯಾಯಾಧೀಶರು ಶ್ಯೂರಿಟಿ ಒಪ್ಪುತ್ತಾರೆ, ಬಾಂಡಿಗೆ ಸಹಿ ಬೀಳುತ್ತದೆ, ಬಿಡುಗಡೆ ಆದೇಶ ಜೈಲಿಗೆ ಹೋಗುತ್ತದೆ. ಅಲ್ಲಿ ಬೇರೆ ಯಾವುದಾದರೂ ಪ್ರಕರಣದಲ್ಲಿ ಆತ ಬೇಕಾಗಿದ್ದಾನೆಯೇ ಎಂದು ದಾಖಲೆ ನೋಡಿ ಬಿಡುತ್ತಾರೆ. ಸಂಜೆ ಕೈದಿಗಳ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಆದೇಶ ತಲುಪಿದರೆ ಸಾಮಾನ್ಯವಾಗಿ ಮಾರನೆಯ ಬೆಳಗಿನವರೆಗೆ ಕಾಯಬೇಕು. ಶುಕ್ರವಾರ ಸಂಜೆ ಜಾಮೀನು ಸಿಕ್ಕವರ ಪಾಡು ಇನ್ನೂ ಕಷ್ಟ. ಶ್ಯೂರಿಟಿ ಒಪ್ಪಿಸಲು ಕೋರ್ಟು ಮತ್ತೆ ಕೂರುವ ದಿನವನ್ನು ನೋಡಬೇಕು.

ಎಲ್ಲ ಅನುಕೂಲ ಇದ್ದವರಿಗೂ ಈ ದಾರಿ ಸರಾಗವಲ್ಲ. ಶಾರುಖ್ ಖಾನ್ ಮಗ ಆರ್ಯನ್ ಖಾನ್‌ಗೆ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟದ್ದು 2021ರ ಅಕ್ಟೋಬರ್ 28ರಂದು, ಗುರುವಾರ. ಮರುದಿನ ನಟಿ ಜೂಹಿ ಚಾವ್ಲಾ ಖುದ್ದಾಗಿ ಕೋರ್ಟಿಗೆ ಬಂದು ಒಂದು ಲಕ್ಷ ರೂಪಾಯಿಗೆ ಶ್ಯೂರಿಟಿ ನಿಂತರು. ಆದರೂ ಆದೇಶ ಆರ್ಥರ್ ರೋಡ್ ಜೈಲಿನ ಹೊರಗಿನ ಪೆಟ್ಟಿಗೆಗೆ ಸಮಯಕ್ಕೆ ಸರಿಯಾಗಿ ಬೀಳಲಿಲ್ಲ. ಆತ ಹೊರಬಂದದ್ದು ಶನಿವಾರ ಬೆಳಗ್ಗೆ. ಮರುವರ್ಷ ಸಲ್ಲಿಕೆಯಾದ ದೋಷಾರೋಪ ಪಟ್ಟಿಯಲ್ಲಿ ಆತನ ಹೆಸರೇ ಇರಲಿಲ್ಲ. ಹೆಸರಾಂತ ವಕೀಲರು, ಹೆಸರಾಂತ ಜಾಮೀನುದಾರರು ಇದ್ದಲ್ಲೇ ಎರಡು ರಾತ್ರಿ ಹಿಡಿದರೆ, ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ರಾಯಚೂರಿನ ಹುಡುಗನಿಗೆ ಎಷ್ಟು ಹಿಡಿಯಬೇಡ?

ಅವನ ತೊಡಕು ಪಹಣಿಯಲ್ಲೇ ಶುರುವಾಗುತ್ತದೆ. ಅಪ್ಪನಿಗೆ ಜಮೀನಿಲ್ಲ. ಚಿಕ್ಕಪ್ಪನಿಗೆ ಇದೆ, ಆದರೆ ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ. ಪೌತಿ ಖಾತೆ ಆದವರ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗಿದೆ. ಒಬ್ಬರ ಹೆಸರಿಗೇ ಇರುವ ಪಹಣಿಯಲ್ಲಿ ಬ್ಯಾಂಕ್ ಸಾಲದ ಋಣ ನಮೂದಾಗಿದೆ. ಅದೂ ಇಲ್ಲದಿದ್ದರೆ ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ಇವೆಲ್ಲ ನಮ್ಮ ಹಳ್ಳಿಗಳ ಮನೆಮನೆಯ ಸಂಗತಿ. ಕೋರ್ಟಿನಲ್ಲಿ ಇವು ಶ್ಯೂರಿಟಿ ತಿರಸ್ಕರಿಸಲು ಕಾರಣವಾಗುತ್ತವೆ. ಜಮೀನಿಲ್ಲದವರ ನೆಂಟರೂ ಜಮೀನಿಲ್ಲದವರೇ ಆಗಿರುತ್ತಾರೆ ಎಂಬ ಸರಳ ಸತ್ಯ ಈ ವ್ಯವಸ್ಥೆಯ ಲೆಕ್ಕಕ್ಕೆ ಬಂದಿಲ್ಲ.

ಈ ಮಾತನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಅಲ್ಲಿನ ಮ್ಯಾಜಿಸ್ಟ್ರೇಟರು 10 ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಆಗಿನ ಕಾಲಕ್ಕೆ ಗಾರೆಯವನೊಬ್ಬ ಕನಸಿನಲ್ಲೂ ಕಾಣದ ಮೊತ್ತ. ಅವನ ಸೋದರ ಶ್ಯೂರಿಟಿ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ವಾಪಸು ಕಳಿಸಿದರು. ಪ್ರಕರಣ ಮತ್ತೆ ದೆಹಲಿಗೆ ಬಂತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಮೋತಿರಾಮನನ್ನು ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿತು. ಜಾಮೀನು ಎಂದರೆ ಶ್ಯೂರಿಟಿ ಇರಲೇಬೇಕು ಎಂದೇನಿಲ್ಲ, ಶ್ಯೂರಿಟಿ ಇಲ್ಲದ ಬಾಂಡೂ ಜಾಮೀನೇ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಅದೇ ತೀರ್ಪಿನಲ್ಲಿ ನಮ್ಮನ್ನು ಹೆಸರು ಹಿಡಿದು ಕೇಳಿದ ಪ್ರಶ್ನೆಯೂ ಇದೆ: ಒಬ್ಬ ಕನ್ನಡಿಗನೋ ಮಲಯಾಳಿಯೋ ತಮಿಳನೋ ತೆಲುಗನೋ ಬಸ್ತಾರ್‌ನಲ್ಲಿ, ಪಹಲ್ಗಾಮ್‌ನಲ್ಲಿ, ಚಾಂದನಿ ಚೌಕದಲ್ಲಿ ಬಂಧಿತನಾದರೆ ಅಲ್ಲಿನ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಎಂದು ಕೃಷ್ಣ ಅಯ್ಯರ್ ಕೇಳಿದ್ದರು.

ಇಂದು ಆ ಪ್ರಶ್ನೆ ಬೆಂಗಳೂರಿಗೆ ತಿರುಗಿ ನಿಂತಿದೆ. ಬಿಹಾರದ ಪೇಂಟರು, ಒಡಿಶಾದ ಹೋಟೆಲ್ ಹುಡುಗ, ಅಸ್ಸಾಮಿನ ಸೆಕ್ಯುರಿಟಿ ಗಾರ್ಡ್ ಪರಪ್ಪನ ಅಗ್ರಹಾರ ಸೇರಿದರೆ ಅವರಿಗೆ ಸ್ಥಳೀಯ ಶ್ಯೂರಿಟಿ ಯಾರು? ಕೆಲಸ ಕೊಟ್ಟ ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಬಾಡಿಗೆ ಮನೆಯ ಮಾಲೀಕ ಸಾಮಾನು ಹೊರಗಿಟ್ಟಿರುತ್ತಾನೆ. ನಮ್ಮವರು ಬೇರೆ ರಾಜ್ಯದಲ್ಲಿ ಸಿಕ್ಕಿಕೊಂಡಾಗ ನಮಗಾಗುವ ಸಂಕಟವೇ ಇಲ್ಲಿ ಅವರದ್ದು.

ಹೊರಗಿನವನು ಎಂಬ ಕಾರಣಕ್ಕೆ ಎಷ್ಟು ಕಾಯಬೇಕಾಗುತ್ತದೆ ಎಂಬುದಕ್ಕೆ ಕೇರಳದ ಪತ್ರಕರ್ತ ಸಿದ್ದಿಕ್ ಕಪ್ಪನ್ ಪ್ರಕರಣ ನೋಡಬಹುದು. 2020ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಬಂಧಿತರಾದ ಅವರಿಗೆ 2022ರ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟ್ ಜಾಮೀನು ನೀಡಿತು. ಉತ್ತರ ಪ್ರದೇಶದವರೇ ಶ್ಯೂರಿಟಿ ನಿಲ್ಲಬೇಕಾಗಿತ್ತು. ಮುಂದೆ ಬರಲು ಜನ ಹೆದರಿದರು. ಆಗ ಲಖನೌ ವಿಶ್ವವಿದ್ಯಾಲಯದ ಮಾಜಿ ಕುಲಪತಿ, ಎಂಬತ್ತರ ಹತ್ತಿರದ ರೂಪ್ ರೇಖಾ ವರ್ಮಾ ಮುಂದೆ ಬಂದರು. ಕಪ್ಪನ್ ಅವರನ್ನು ಅವರು ನೋಡಿರಲೂ ಇಲ್ಲ. ಇನ್ನೊಂದು ಪ್ರಕರಣದಲ್ಲಿ ಡಿಸೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟ ಮೇಲೂ ಶ್ಯೂರಿಟಿಯ ಕೆಲಸ ಮುಗಿದು ಕಪ್ಪನ್ ಹೊರಬಂದದ್ದು 2023ರ ಫೆಬ್ರುವರಿ 2ರಂದು. ಆರೋಪದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ದೇಶದ ಅತ್ಯುನ್ನತ ನ್ಯಾಯಾಲಯ ಬಿಡಬಹುದು ಎಂದ ಮನುಷ್ಯನನ್ನು ಹೊರತರಲು ಅಪರಿಚಿತ ವೃದ್ಧೆಯೊಬ್ಬರ ಧೈರ್ಯ ಬೇಕಾಯಿತು.

ಜಾಮೀನು ನಿಲ್ಲಲು ಜನ ಹೆದರುವುದೇಕೆ? ಜಮೀನು ಹೋಗುತ್ತದೆ ಎಂಬ ಭಯ. 'ಜಾಮೀನು ನಿಂತು ಮನೆ ಕಳಕೊಂಡ' ಎಂಬ ಕತೆ ಪ್ರತಿ ಊರಿನಲ್ಲೂ ಇದೆ. ವಿಚಾರಿಸಿದರೆ ಅದು ಹೆಚ್ಚಾಗಿ ಬ್ಯಾಂಕ್ ಅಥವಾ ಸೊಸೈಟಿ ಸಾಲಕ್ಕೆ ನಿಂತ ಜಾಮೀನಿನ ಕತೆಯಾಗಿರುತ್ತದೆ. ಕೋರ್ಟಿನ ಜಾಮೀನು ಬೇರೆ. ಆರೋಪಿ ಒಳ್ಳೆಯವನು, ತಪ್ಪು ಮಾಡಿಲ್ಲ ಎಂದು ಶ್ಯೂರಿಟಿ ಪ್ರಮಾಣ ಮಾಡುತ್ತಿಲ್ಲ. ಆತ ಕೋರ್ಟಿಗೆ ಬರುವಂತೆ ನೋಡಿಕೊಳ್ಳುತ್ತೇನೆ ಎಂಬುದಷ್ಟೇ ಅವರ ಹೊಣೆ. ಆರೋಪಿಗೆ ಶಿಕ್ಷೆಯಾದರೂ ಶ್ಯೂರಿಟಿಗೆ ಅದರಿಂದ ಏನೂ ಆಗುವುದಿಲ್ಲ. ಆರೋಪಿ ತಲೆಮರೆಸಿಕೊಂಡರೂ ಹೊಣೆ ಬಾಂಡಿನಲ್ಲಿ ಬರೆದ ಮೊತ್ತಕ್ಕೆ ಮಾತ್ರ. ಆಗಲೂ ನೇರವಾಗಿ ಜಪ್ತಿಗೆ ಬರುವುದಿಲ್ಲ. ಹಣ ಏಕೆ ವಸೂಲು ಮಾಡಬಾರದು ಎಂದು ಕೋರ್ಟು ಮೊದಲು ನೋಟಿಸ್ ಕೊಡುತ್ತದೆ, ಶ್ಯೂರಿಟಿಯ ಮಾತು ಕೇಳುತ್ತದೆ, ಸಕಾರಣವಿದ್ದರೆ ಮೊತ್ತದಲ್ಲಿ ಒಂದು ಭಾಗ ಬಿಡುವ ಅಧಿಕಾರವೂ ಅದಕ್ಕಿದೆ.

ಹಾಗೆಂದು ಇದು ಹಗುರ ಹೊಣೆಯೆಂದು ಹೇಳಲಾರೆ. ಹಣ ಕಟ್ಟದೆ, ವಸೂಲಿಯೂ ಆಗದೆ ಹೋದರೆ ಶ್ಯೂರಿಟಿಯನ್ನು ಆರು ತಿಂಗಳವರೆಗೆ ಸಿವಿಲ್ ಬಂಧನದಲ್ಲಿ ಇಡಲು ಅವಕಾಶವಿದೆ. ಅದಕ್ಕೇ, ಆರೋಪಿಯ ನಡೆ ಮೇಲೆ ಅನುಮಾನ ಬಂದರೆ ಮಧ್ಯದಲ್ಲೇ ಹಿಂದೆ ಸರಿಯುವ ದಾರಿಯನ್ನೂ ಕಾನೂನು ಇಟ್ಟಿದೆ. ತನ್ನನ್ನು ಹೊಣೆಯಿಂದ ಬಿಡಿಸಿ ಎಂದು ಶ್ಯೂರಿಟಿ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಕೋರ್ಟು ಆರೋಪಿಯನ್ನು ಕರೆಸಿ ಬೇರೆ ಶ್ಯೂರಿಟಿ ಕೊಡುವಂತೆ ಹೇಳುತ್ತದೆ. ಬಾಂಡ್ ಜಪ್ತಿಯಾಗುವ ಮೊದಲೇ ಶ್ಯೂರಿಟಿ ತೀರಿಕೊಂಡರೆ ಅವರ ಆಸ್ತಿಯ ಮೇಲೆ ಹೊಣೆ ಉಳಿಯುವುದಿಲ್ಲ. ಮಕ್ಕಳಿಗೆ ಹೆದರಿಕೆ ಬೇಡ. ಇಷ್ಟನ್ನು ವಕೀಲರು ಐದು ನಿಮಿಷ ಕೂತು ಹಳ್ಳಿಯವರಿಗೆ ಹೇಳಿದರೆ ಎಷ್ಟೋ ಮಂದಿ ಮುಂದೆ ಬಂದಾರು.

ಹೇಳದ ಕಾರಣಕ್ಕೇ ಬಾಡಿಗೆ ಶ್ಯೂರಿಟಿಗಳ ದಂಧೆ ಬೆಳೆದಿದೆ. ನಕಲಿ ಪಹಣಿ, ನಕಲಿ ಆಧಾರ್ ಸೃಷ್ಟಿಸಿ ಹತ್ತಾರು ಆರೋಪಿಗಳಿಗೆ ಜಾಮೀನು ನಿಲ್ಲುತ್ತಿದ್ದವರನ್ನು ಬೆಂಗಳೂರು ಪೊಲೀಸರು ಒಂದಲ್ಲ ಹಲವು ಬಾರಿ ಹಿಡಿದಿದ್ದಾರೆ. ಇದರ ಪೆಟ್ಟು ಬೀಳುವುದು ಪ್ರಾಮಾಣಿಕರ ಮೇಲೆ. ನಕಲಿಗಳ ಕಾಟ ಹೆಚ್ಚಾದಷ್ಟೂ ಕೋರ್ಟುಗಳು ತಹಶೀಲ್ದಾರರಿಂದ, ಠಾಣೆಯಿಂದ ಪರಿಶೀಲನಾ ವರದಿ ಕೇಳುತ್ತವೆ. ವರದಿ ಬರುವವರೆಗೆ ಬಡವ ಒಳಗೆ. ನಕಲಿ ದಾಖಲೆಗೆ ಕೈ ಹಾಕಿದ ಕುಟುಂಬ ಹೊಸ ಕ್ರಿಮಿನಲ್ ಪ್ರಕರಣವನ್ನು ಮೈಮೇಲೆ ಎಳೆದುಕೊಳ್ಳುತ್ತದೆ, ಇದ್ದ ಜಾಮೀನೂ ರದ್ದಾಗುತ್ತದೆ.

ಅಮೆರಿಕದಲ್ಲಿ ಇದೇ ಕೆಲಸ ಕಾನೂನುಬದ್ಧ ವ್ಯಾಪಾರ. ಅಲ್ಲಿ ಬಾಂಡ್ ಏಜೆಂಟರಿಗೆ ಬಹುತೇಕ ರಾಜ್ಯಗಳಲ್ಲಿ ಜಾಮೀನು ಮೊತ್ತದ ಶೇ 10ರಷ್ಟು ಶುಲ್ಕ ಕೊಟ್ಟರೆ ಅವರು ಕೋರ್ಟಿಗೆ ಹೊಣೆ ನಿಲ್ಲುತ್ತಾರೆ. ಆರೋಪಿ ಬಿಡುಗಡೆಯಾಗುವುದು ಬೇಗ, ನಿಜ. ಆದರೆ ಆ ಶುಲ್ಕ ಮರಳಿ ಬರುವುದಿಲ್ಲ, ಆರೋಪ ಸುಳ್ಳೆಂದು ಸಾಬೀತಾದರೂ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ಹಣದ ಜಾಮೀನನ್ನೇ ಪೂರ್ತಿ ತೆಗೆದುಹಾಕಿತು. ನಮ್ಮಲ್ಲೂ ಅಂಥ ಏಜೆಂಟರು ಇರಲಿ ಎನ್ನುವವರನ್ನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ದುಡ್ಡಿದ್ದವನಿಗೆ ಬಾಗಿಲು ಬೇಗ ತೆರೆಯುವ ಇನ್ನೊಂದು ಏರ್ಪಾಡು ನಮಗೆ ಬೇಕಿಲ್ಲ. ಇರುವ ಕಾನೂನನ್ನು ಬಳಸಿದರೆ ಸಾಕು.

ಆ ಕಾನೂನು ಏನೆನ್ನುತ್ತದೆ? ಜಾಮೀನು ನೀಡಬಹುದಾದ ಪ್ರಕರಣದಲ್ಲಿ ಆರೋಪಿ ಬಡವ, ಶ್ಯೂರಿಟಿ ಕೊಡಲಾರ ಎಂದಾದರೆ ಶ್ಯೂರಿಟಿ ಇಲ್ಲದೆ ಸ್ವಂತ ಬಾಂಡಿನ ಮೇಲೆ ಬಿಡಲೇಬೇಕು ಎನ್ನುತ್ತದೆ ಸಂಹಿತೆಯ 478ನೇ ಸೆಕ್ಷನ್. ಬಡವ ಎಂದು ಯಾರು ಹೇಳಬೇಕು? ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲು ಆಗಲಿಲ್ಲವೆಂದರೆ ಆತ ಬಡವ ಎಂದು ಭಾವಿಸಲು ಅದೇ ಸಾಕು ಎಂದು ಸೆಕ್ಷನ್‌ನ ವಿವರಣೆಯೇ ಹೇಳಿದೆ. ಬಿಪಿಎಲ್ ಕಾರ್ಡ್ ತೋರಿಸಬೇಕಿಲ್ಲ, ಆದಾಯ ಪ್ರಮಾಣಪತ್ರ ತರಬೇಕಿಲ್ಲ. ಏಳು ದಿನ ಕಳೆದ ಮೇಲೂ ಇಂಥ ಪ್ರಕರಣದಲ್ಲಿ ಒಬ್ಬ ಮನುಷ್ಯ ಶ್ಯೂರಿಟಿಗಾಗಿ ಒಳಗಿದ್ದರೆ ಅದು ಕಾನೂನಿನ ಉಲ್ಲಂಘನೆ.

ಜಾಮೀನುರಹಿತ ಪ್ರಕರಣಗಳಲ್ಲಿ ಇಷ್ಟು ಸಲೀಸಾದ ಹಕ್ಕಿಲ್ಲ, ಆದರೂ ದಾರಿಗಳಿವೆ. ಬಾಂಡಿನ ಮೊತ್ತ ಪ್ರಕರಣದ ಸಂದರ್ಭಕ್ಕೆ ತಕ್ಕಂತಿರಬೇಕು, ವಿಪರೀತವಾಗಿರಬಾರದು ಎಂದು 484ನೇ ಸೆಕ್ಷನ್ ಹೇಳುತ್ತದೆ. ಮೊತ್ತ ಹೆಚ್ಚಾಯಿತೆಂದು ಸೆಷನ್ಸ್ ಕೋರ್ಟಿಗೆ ಅಥವಾ ಹೈಕೋರ್ಟಿಗೆ ಅರ್ಜಿ ಹಾಕಿ ಇಳಿಸಿಕೊಳ್ಳಬಹುದು. ಶ್ಯೂರಿಟಿ ಸಿಗದವರು ಒಂದಿಷ್ಟು ನಗದನ್ನು ಕೋರ್ಟಿನಲ್ಲಿ ಠೇವಣಿ ಇಡುತ್ತೇವೆ ಎಂದು ಕೇಳಿಕೊಳ್ಳಬಹುದು. 490ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ದೂರದ ಊರಿನವರಿಗೆ ಇದೇ ಎಷ್ಟೋ ಸಲ ಎಲ್ಲಕ್ಕಿಂತ ಬೇಗ ಆಗುವ ದಾರಿ. ರಸೀದಿ ಜೋಪಾನವಾಗಿಟ್ಟುಕೊಂಡು, ಪ್ರತಿ ತಾರೀಖಿಗೂ ಹಾಜರಾದರೆ ಪ್ರಕರಣ ಮುಗಿದ ಮೇಲೆ ಆ ಹಣ ವಾಪಸು ಬರುತ್ತದೆ.

ಹಲವು ಪ್ರಕರಣಗಳಿದ್ದವರ ಗೋಳು ಬೇರೆ. ಒಂದೊಂದಕ್ಕೂ ಇಬ್ಬಿಬ್ಬರು ಶ್ಯೂರಿಟಿ ಎಂದರೆ ಎಲ್ಲಿಂದ ತರುವುದು? 2024ರ ಆಗಸ್ಟ್‌ನಲ್ಲಿ ಗಿರೀಶ್ ಗಾಂಧಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂತು. ಬೇರೆ ಬೇರೆ ರಾಜ್ಯಗಳ 13 ಪ್ರಕರಣಗಳಲ್ಲಿ ಜಾಮೀನು ಸಿಕ್ಕಿದ್ದರೂ ಶ್ಯೂರಿಟಿ ಹೊಂದಿಸಲಾಗದೆ ಅವರು ಜೈಲಿನಲ್ಲೇ ಇದ್ದರು. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ, ಒಂದೇ ಜಾಮೀನುದಾರರು ಹಲವು ಪ್ರಕರಣಗಳಿಗೆ ನಿಲ್ಲಬಹುದು ಎಂದು ಆದೇಶಿಸಿತು. ಶ್ಯೂರಿಟಿ ನಿಲ್ಲುವವರು ನೆಂಟರು, ಹತ್ತಿರದ ಗೆಳೆಯರು. ಅಂಥವರು ಯಾರಿಗೂ ಡಜನ್‌ಗಟ್ಟಲೆ ಇರುವುದಿಲ್ಲ ಎಂಬ ಬದುಕಿನ ಅರಿವು ಆ ತೀರ್ಪಿನಲ್ಲಿದೆ. ಅಂಥ ಸ್ಥಿತಿಯಲ್ಲಿರುವವರ ವಕೀಲರು ಈ ತೀರ್ಪನ್ನು ಕೋರ್ಟಿನ ಮುಂದಿಡಬೇಕು.

ಎಲ್ಲಕ್ಕಿಂತ ಹೆಚ್ಚು ಜನರಿಗೆ ಉಪಯೋಗವಾಗುವುದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು. ಜಾಮೀನು ಆದೇಶದ ಪ್ರತಿಯನ್ನು ಕೋರ್ಟು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಏಳು ದಿನದಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ವಕೀಲರನ್ನೋ ಸ್ವಯಂಸೇವಕರನ್ನೋ ಕಳಿಸಿ ಏಕೆ ಬಿಡುಗಡೆಯಾಗಿಲ್ಲ ಎಂದು ವಿಚಾರಿಸಬೇಕು, ಬೇಕಿದ್ದರೆ ಕೈದಿಯ ಮನೆಯ ಸ್ಥಿತಿಗತಿಯ ವರದಿ ಸಿದ್ಧಪಡಿಸಿ ಷರತ್ತು ಸಡಿಲಿಸುವಂತೆ ಕೋರ್ಟನ್ನು ಕೋರಬಹುದು. ಒಂದು ತಿಂಗಳಾದರೂ ಬಾಂಡ್ ಬರದಿದ್ದರೆ ಕೋರ್ಟು ತಾನಾಗಿಯೇ ಷರತ್ತನ್ನು ಮರುಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಷರತ್ತು ಹಾಕದಿರುವುದು ಒಳ್ಳೆಯದು ಎಂದೂ ಅದರಲ್ಲಿ ಹೇಳಿದೆ. ಆಗ್ರಾ ಜೈಲಿನ 13 ಕೈದಿಗಳು 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಅಂಚೆಯಲ್ಲಿ ಬರಲೆಂದು ದಿನಗಟ್ಟಲೆ ಕಾದದ್ದು ಸುದ್ದಿಯಾದ ಮೇಲೆ, ಸುಪ್ರೀಂ ಕೋರ್ಟಿನ ಆದೇಶಗಳನ್ನು ನೇರ ಜೈಲಿಗೆ ತಲುಪಿಸುವ 'ಫಾಸ್ಟರ್' ಎಂಬ ವ್ಯವಸ್ಥೆಯೂ 2022ರಲ್ಲಿ ಬಂತು.

2022ರ ಸಂವಿಧಾನ ದಿನದಂದು ಸುಪ್ರೀಂ ಕೋರ್ಟಿನ ಸಮಾರಂಭದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಇದೇ ಬಡ ಕೈದಿಗಳ ಬಗ್ಗೆ ಮಾತನಾಡಿದ್ದರು. ಮರುವರ್ಷದ ಬಜೆಟ್‌ನಲ್ಲಿ ಬಡ ಕೈದಿಗಳಿಗೆ ನೆರವು ನೀಡುವ ಯೋಜನೆ ಪ್ರಕಟವಾಯಿತು. ಹಣವಿಲ್ಲದ ಕಾರಣಕ್ಕೆ ಜಾಮೀನು ಪಡೆದೂ ಒಳಗಿರುವ ವಿಚಾರಣಾಧೀನ ಕೈದಿಯ ಪರವಾಗಿ ನಿಗದಿತ ಮಿತಿಯವರೆಗೆ ಸರ್ಕಾರವೇ ಕೋರ್ಟಿಗೆ ಹಣ ಕಟ್ಟುತ್ತದೆ. ಜಿಲ್ಲಾಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಪೊಲೀಸ್ ವರಿಷ್ಠಾಧಿಕಾರಿ, ಜೈಲು ಅಧೀಕ್ಷಕ ಮತ್ತು ಒಬ್ಬ ನ್ಯಾಯಾಧೀಶರಿರುವ ಸಮಿತಿ ಇದನ್ನು ತೀರ್ಮಾನಿಸಬೇಕು. ಭ್ರಷ್ಟಾಚಾರ, ಮಾದಕ ವಸ್ತು, ಅಕ್ರಮ ಹಣ ವರ್ಗಾವಣೆ, ಯುಎಪಿಎ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಒಳ್ಳೆಯ ಯೋಜನೆ, ಆದರೆ ಇದರ ಹೆಸರು ಕೇಳಿದ ಒಂದೇ ಒಂದು ಕೈದಿ ಕುಟುಂಬವನ್ನೂ ನಾನು ಕಂಡಿಲ್ಲ. ಜೈಲಿನ ಭೇಟಿ ಕೊಠಡಿಯ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದರೆ ಸರ್ಕಾರಕ್ಕೆ ಎಷ್ಟು ಖರ್ಚಾದೀತು?

ಮೊದಲ ಬಾರಿ ಆರೋಪಿಯಾದವರು ಇನ್ನೊಂದು ಮಾತು ನೆನಪಿಡಬೇಕು. ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ವಿಚಾರಣಾಧೀನರಾಗಿ ಕಳೆದಿದ್ದರೆ 479ನೇ ಸೆಕ್ಷನ್ ಪ್ರಕಾರ ಅವರನ್ನು ಬಾಂಡಿನ ಮೇಲೆ ಬಿಡಬೇಕು. ಅರ್ಜಿ ಹಾಕಬೇಕಾದ ಹೊಣೆ ಜೈಲು ಅಧೀಕ್ಷಕರದ್ದು. ಹಳೆಯ ಪ್ರಕರಣಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಪ್ರಕರಣಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಒಳಗೆ ಕಳೆಯುವ ಪ್ರತಿ ವಾರದಲ್ಲಿ ಹೊರಗೆ ಏನಾಗುತ್ತದೆ ಎಂಬುದು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ಕೂಲಿ ನಿಲ್ಲುತ್ತದೆ, ಬಾಡಿಗೆ ಬಾಕಿಯಾಗುತ್ತದೆ, ಮಗಳ ಫೀಸು ಕಟ್ಟಲಾಗುವುದಿಲ್ಲ, ಹೆಂಡತಿ ಕೆಲಸ ಬಿಟ್ಟು ಕೋರ್ಟು, ವಕೀಲರ ಆಫೀಸು, ನಾಡಕಚೇರಿ ಸುತ್ತುತ್ತಾಳೆ. ಒಳಗಿರುವುದು ಹೆಣ್ಣಾದರೆ ಆ ಸುತ್ತುವವರೂ ಇರುವುದಿಲ್ಲ. ಗಂಡನ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ತವರಿನವರು ಮರ್ಯಾದೆಗೆ ಅಂಜುತ್ತಾರೆ.

ಮನೆಯವರು ಬಂಧನದ ಮೊದಲ ದಿನದಿಂದಲೇ ಮಾಡಬಹುದಾದ ಕೆಲಸಗಳಿವೆ. ಎಫ್‌ಐಆರ್ ಪ್ರತಿ ಪಡೆದು ಯಾವ ಸೆಕ್ಷನ್, ಜಾಮೀನು ನೀಡಬಹುದಾದದ್ದೇ ಅಲ್ಲವೇ ಎಂದು ವಕೀಲರನ್ನು ಕೇಳಿ. ಜಾಮೀನು ಅರ್ಜಿಯ ವಿಚಾರಣೆ ನಡೆಯುತ್ತಿರುವಾಗಲೇ ಶ್ಯೂರಿಟಿ ಯಾರೆಂದು ಗೊತ್ತುಮಾಡಿ, ಪಹಣಿ ಮತ್ತು ಆಧಾರಿನಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ; ಆದೇಶ ಬಂದ ಮೇಲೆ ಹುಡುಕಾಡಲು ಹೋದರೆ ವಾರ ಕಳೆಯುತ್ತದೆ. ಶ್ಯೂರಿಟಿ ಸಿಗುವುದಿಲ್ಲವೆಂದು ಮೊದಲೇ ಗೊತ್ತಿದ್ದರೆ ಜಾಮೀನು ಅರ್ಜಿಯಲ್ಲೇ ಅದನ್ನು ಬರೆಸಿ: ಕುಟುಂಬ ಎಷ್ಟು ವರ್ಷದಿಂದ ಈ ಊರಿನಲ್ಲಿದೆ, ಕೆಲಸ ಏನು, ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ಹಿಂದೆ ಯಾವ ಪ್ರಕರಣವೂ ಇಲ್ಲ ಎಂದು. ಆರೋಪಿ ಓಡಿಹೋಗುವವನಲ್ಲ ಎಂಬುದನ್ನು ಆಸ್ತಿಯಿಂದ ಅಳೆಯದೆ ಊರು, ಮನೆ, ಸಂಸಾರದ ನಂಟಿನಿಂದ ತೂಗಬೇಕು ಎಂದು 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಹೇಳಿದ್ದಾರೆ. ಬಿಡುಗಡೆಯಾದ ಮೇಲೆ ಒಂದು ತಾರೀಖನ್ನೂ ತಪ್ಪಿಸಬೇಡಿ. ತಪ್ಪಿಸಿದರೆ ವಾರಂಟ್ ಬರುತ್ತದೆ, ನಿಮ್ಮನ್ನು ನಂಬಿ ಸಹಿ ಹಾಕಿದವರಿಗೆ ನೋಟಿಸ್ ಹೋಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಲಿ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಹೇಳಿದೆ. ಜಾಮೀನು ಸಿಕ್ಕು ಏಳು ದಿನವಾದರೂ ನಿಮ್ಮವರು ಮನೆಗೆ ಬಂದಿಲ್ಲವೆಂದರೆ ಸುಮ್ಮನೆ ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಕೈದಿಯ ಹೆಸರು, ಜೈಲು, ಜಾಮೀನು ಆದೇಶವಾದ ದಿನಾಂಕ ಹೇಳಿ. ಕರೆ ಉಚಿತ.